ಗಿನಿಪಿಗ್ ಗೂಡಿಗೆ ತಂತಿ ಬಲೆಯ ತಳ ಬೇಡ



ಕಳೆದ ತಿಂಗಳ ಸಂಚಿಕೆಯಲ್ಲಿ ಹತ್ತನೇ ತರಗತಿಯ ಅಣ್ಣಂದಿರಿಬ್ಬರು ನಮ್ಮ ಶಾಲೆಯ ಗಿನಿಪಿಗ್ ಗೂಡಿನ ಬಗ್ಗೆ ಬರೆದ ಲೇಖನವನ್ನು ನೀವೆಲ್ಲ ಓದಿರಬಹುದು. ಹಳೆಯ ಗೂಡಿನ ಹಲಗೆ ಮೂತ್ರ ಕುಡಿದು ಕುಡಿದು ಕುಂಬಾಗಿದೆ, ಹೊಸ ಗೂಡು ಮಾಡಿಸುವಾಗ ತಳಕ್ಕೆ ತಂತಿ ಬಲೆ ಹಾಕಿಸಿದರೆ ಹಿಕ್ಕೆ, ಮೂತ್ರ ಎಲ್ಲ ತನ್ನಷ್ಟಕ್ಕೆ ಕೆಳಗೆ ಬೀಳುತ್ತದೆ, ಮತ್ತೆ ಗುಡಿಸುವ ಕೆಲಸವೇ ಇರುವುದಿಲ್ಲ ಎಂಬುದು ಅವರ ವಾದ. ಓದಲಿಕ್ಕೆ ಚಂದ ಉಂಟು. ಅಕ್ಷರವೂ ಮುತ್ತು ಪೋಣಿಸಿದ ಹಾಗೆ ಉಂಟು. ಆದರೆ ವಿಷಯ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಹೊಸ ಗೂಡನ್ನು ಬರುವ ತಿಂಗಳು ಮಾಡಿಸುವುದೆಂದು ಹೆಡ್‌ಮಾಸ್ಟ್ರು ಅಸೆಂಬ್ಲಿಯಲ್ಲಿ ಹೇಳಿದ್ದಾರೆ. ವೆಲ್ಡಿಂಗ್ ಆದ ಮೇಲೆ "ಹಾಗೆ ಮಾಡಬಹುದಿತ್ತು, ಹೀಗೆ ಮಾಡಬಹುದಿತ್ತು" ಎಂದರೆ ಎಂತ ಪ್ರಯೋಜನ? ಆದುದರಿಂದ ಈಗಲೇ ಬರೆಯುತ್ತಿದ್ದೇನೆ.

ಮೊದಲು ಈ ಪ್ರಾಣಿ ಯಾವುದೆಂದು ನೋಡುವ. ಇದು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ಇಲಿ, ಅಳಿಲು, ಮುಳ್ಳುಹಂದಿಗಳ ಹಾಗೆ ದಂಶಕ ವರ್ಗಕ್ಕೆ ಸೇರಿದ್ದು. ಇದರ ಮೂಲ ಮನೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಸೀಮೆ. ಪೆರು, ಬೊಲಿವಿಯಾ ಕಡೆಯ ಜನ ಸಾವಿರಾರು ವರ್ಷಗಳಿಂದ ಇದನ್ನು ಸಾಕುತ್ತ ಬಂದಿದ್ದಾರೆ, ಹೆಚ್ಚಾಗಿ ಮಾಂಸಕ್ಕೆ. ಅಲ್ಲಿ ಇದಕ್ಕೆ 'ಕುಯ್' ಎಂದು ಹೆಸರು. ನಮ್ಮ ಗೂಡಿನವು ಬೆಳಿಗ್ಗೆ ಹುಲ್ಲು ಕಂಡಾಗ ಕೂಗುವುದನ್ನು ಕೇಳಿದವರಿಗೆ ಆ ಹೆಸರು ಏಕೆ ಬಂತೆಂದು ಹೇಳಬೇಕಾಗಿಲ್ಲ. ಅಲ್ಲಿನ ಹಳ್ಳಿ ಮನೆಗಳಲ್ಲಿ ಇವು ಅಡುಗೆ ಕೋಣೆಯ ನೆಲದಲ್ಲೇ ಓಡಾಡಿಕೊಂಡು ಇರುತ್ತವೆ. ಹಾಕಿದ ಹುಲ್ಲಿನಲ್ಲಿ ತಿಂದು ಉಳಿದದ್ದೇ ಹಾಸಿಗೆ. ನೆಲದಲ್ಲಿ ನಡೆಯಲಿಕ್ಕೆ ಹುಟ್ಟಿದ ಪ್ರಾಣಿ ಇದು, ತಂತಿಯ ಮೇಲೆ ನಿಲ್ಲಲಿಕ್ಕೆ ಅಲ್ಲ.

ಅಣ್ಣಂದಿರು ಮೊಲದ ಫಾರ್ಮಿನ ಉದಾಹರಣೆ ಕೊಟ್ಟಿದ್ದಾರೆ. ಫಾರ್ಮುಗಳಲ್ಲಿ ಬಲೆಯ ತಳ ಇರುವುದು ಹೌದು. ಆದರೆ ಮೊಲದ ಪಾದದ ಅಡಿ ನೋಡಿದ್ದೀರಾ? ದಪ್ಪ ರೋಮ ಇರುತ್ತದೆ. ಹಾಗಿದ್ದೂ ಬಲೆಯ ಮೇಲೆ ನಿಂತು ನಿಂತು ಮೊಲಕ್ಕೂ ಹಿಂಗಾಲಲ್ಲಿ ಹುಣ್ಣಾಗುವುದುಂಟು. ಗಿನಿಪಿಗ್‌ನ ಅಂಗಾಲು ಬರೀ ಚರ್ಮ, ನಮ್ಮ ಅಂಗೈಯ ಹಾಗೆ. ಒಂದು ಕಿಲೋ ತೂಗುವ ದೇಹವನ್ನು ಅಷ್ಟು ಸಣ್ಣ ನಾಲ್ಕು ಪಾದಗಳು ಹೊರಬೇಕು. ತಂತಿ ಒತ್ತಿದಲ್ಲಿ ಮೊದಲು ಕೆಂಪಾಗುತ್ತದೆ, ಮತ್ತೆ ಬಾಯುತ್ತದೆ, ಮತ್ತೆ ಬಿರಿದು ಕೀವಾಗುತ್ತದೆ. ಮೂಡುಬಿದಿರೆಯ ಹತ್ತಿರ ನನ್ನ ಸೋದರಮಾವನ ಮನೆಯಲ್ಲಿ ಇಂಥದೇ ಗೂಡಿನಲ್ಲಿ ಒಂದು ಗಿನಿಪಿಗ್ ಇತ್ತು. ಅದರ ಹಿಂಗಾಲು ನಾನು ಕಣ್ಣಾರೆ ನೋಡಿದ್ದೇನೆ, ಊದಿಕೊಂಡು ಗೇರುಬೀಜದಷ್ಟು ದಪ್ಪವಾಗಿತ್ತು. ಮೂಲೆಯಲ್ಲಿ ಕುಳಿತಲ್ಲೇ ಕುಳಿತಿರುತ್ತಿತ್ತು. ಪಾಪದ ಪ್ರಾಣಿ ನೋಡಿ, ನೋವಾದರೆ ಕೂಗುವುದೂ ಇಲ್ಲ, ತಿನ್ನುವುದನ್ನು ಕಡಿಮೆ ಮಾಡುತ್ತದೆ ಅಷ್ಟೆ. ಬಲೆಯ ಕಣ್ಣಿನೊಳಗೆ ಬೆರಳು ಸಿಕ್ಕಿ ಮುರಿಯುವ ಭಯವೂ ಉಂಟು.

ಇನ್ನು "ಗುಡಿಸುವ ಕೆಲಸ ಇಲ್ಲ" ಎಂಬ ಮಾತು. ಕೆಳಗೆ ಬಿದ್ದದ್ದು ಎಲ್ಲಿ ಹೋಗುತ್ತದೆ ಮಾರಾಯ್ರೆ? ಅಲ್ಲೇ ಗೂಡಿನ ಅಡಿಯಲ್ಲಿ ಇರುತ್ತದೆ. ಒಂದು ಗಿನಿಪಿಗ್ ದಿನಕ್ಕೆ ಹತ್ತಿರ ಹತ್ತಿರ ನೂರು ಹಿಕ್ಕೆ ಹಾಕುತ್ತದೆ. ನಮ್ಮಲ್ಲಿ ಎರಡುಂಟು. ಲೆಕ್ಕ ನೀವೇ ಮಾಡಿ. ಇವುಗಳ ಮೂತ್ರದಲ್ಲಿ ಸುಣ್ಣದ ಅಂಶ ಜಾಸ್ತಿ. ಒಣಗಿದಾಗ ಬಿಳಿ ಪದರವಾಗಿ ತಂತಿಗೆ ಅಂಟಿಕೊಳ್ಳುತ್ತದೆ. ಅದನ್ನು ಉಜ್ಜಿ ತೆಗೆಯುವುದು ಹಲಗೆ ಗುಡಿಸುವುದಕ್ಕಿಂತ ಕಷ್ಟ. ಕೆಲಸ ಕಡಿಮೆಯಾಗುವುದಿಲ್ಲ, ಕಣ್ಣಿಗೆ ಕಾಣದ ಜಾಗಕ್ಕೆ ಹೋಗುತ್ತದೆ, ಅಷ್ಟೆ.

ಇಲ್ಲಿ ನಮ್ಮ ಅಜ್ಜಿಯ ಮಾತೊಂದನ್ನು ಹೇಳಬೇಕು. ಬೆಳ್ತಂಗಡಿ ತಾಲೂಕಿನ ತವರು ಮನೆಯಲ್ಲಿ ಅವರ ಕಾಲದಲ್ಲಿ ದನದ ಹಟ್ಟಿಗೆ ದಿನಾ ಸೊಪ್ಪು ಹಾಕುತ್ತಿದ್ದರಂತೆ. ಮಳೆಗಾಲದಲ್ಲಿ ಗುಡ್ಡೆಯ ಹಸಿ ಸೊಪ್ಪು, ಬೇಸಿಗೆಯಲ್ಲಿ ತರಗೆಲೆ. ಹಳೆಯದರ ಮೇಲೆ ಹೊಸತು, ಹೊಸತರ ಮೇಲೆ ಮತ್ತೊಂದು ಪದರ. ದನ ತುಳಿದು, ಸೆಗಣಿ ಗಂಜಲ ಸೇರಿ ಅದು ಗೊಬ್ಬರವಾಗಿ, ಕಡೆಗೆ ಬುಟ್ಟಿಯಲ್ಲಿ ಗದ್ದೆಗೆ ಹೋಗುತ್ತಿತ್ತು. ಈಗ ಎಷ್ಟೋ ಕಡೆ ಹಟ್ಟಿಗೆ ಸಿಮೆಂಟು, ರಬ್ಬರ್ ಮ್ಯಾಟು ಬಂದಿದೆ. "ಗಿನಿಪಿಗ್‌ಗೂ ಹಾಗೇ ಸೊಪ್ಪು ಹಾಕ್ತಾ ಹೋಗಿ, ತಿಂಗಳಿಗೊಮ್ಮೆ ತೆಗೆದ್ರೆ ಸಾಕು" ಅಂತ ಅಜ್ಜಿ ಹೇಳಿದರು. ಹಾಸಿಗೆ ಬೇಕು ಎಂಬುದರಲ್ಲಿ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ತಿಂಗಳಿಗೊಮ್ಮೆ ತೆಗೆದರೆ ಆಗುವುದಿಲ್ಲ. ಏಕೆಂದರೆ ದನದ ಮೂಗು ನೆಲದಿಂದ ಮೂರಡಿ ಮೇಲಿರುತ್ತದೆ. ಗಿನಿಪಿಗ್‌ನ ಮೂಗು ಒಂದೇ ಇಂಚು ಮೇಲೆ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ನಮಗೆ ಗೂಡಿನ ಬಾಗಿಲಲ್ಲಿ ನಿಂತಾಗ ಸ್ವಲ್ಪ ಘಾಟು ಹೊಡೆದರೆ ಒಳಗಿರುವ ಅದರ ಗತಿ ಏನು? ಮೂಗು, ಶ್ವಾಸಕೋಶ ಕೆಡುವುದು ಈ ಪ್ರಾಣಿಗೆ ಬಹಳ ಬೇಗ. ಆದ್ದರಿಂದ ನಮ್ಮ ಮೂಗಿಗೆ ವಾಸನೆ ಬರುವ ಮೊದಲೇ ಹಾಸಿಗೆ ಬದಲಾಗಬೇಕು.

ಹಾಗಾದರೆ ಯಾವ ಹಾಸಿಗೆ? ದೊಡ್ಡ ಪೇಟೆಯ ಅಂಗಡಿಗಳಲ್ಲಿ ಪ್ಯಾಕೆಟ್ ಹಾಸಿಗೆ ಸಿಗುತ್ತದೆ, ಆದರೆ ಅದನ್ನು ವರ್ಷವಿಡೀ ತರಿಸಲಿಕ್ಕೆ ನಮ್ಮ ಶಾಲೆಯ ಕೈಯಲ್ಲಿ ಆಗುವ ಕೆಲಸವಲ್ಲ. ನಮ್ಮ ಸುತ್ತಮುತ್ತ ಏನು ಸಿಗುತ್ತದೋ ಅದನ್ನು ನೋಡಬೇಕು. ನಾನು ಮತ್ತು ನನ್ನ ಬೆಂಚಿನ ಗೆಳತಿ ಸೇರಿ ನಾಲ್ಕು ಗೆರಟೆಗಳಲ್ಲಿ ಒಂದೊಂದು ಮುಷ್ಟಿ ಬೇರೆ ಬೇರೆ ವಸ್ತು ಹಾಕಿ, ಎರಡೆರಡು ಚಮಚ ನೀರು ಹೊಯ್ದು, ಮಧ್ಯಾಹ್ನದ ಊಟದ ನಂತರ ನೋಡಿದೆವು.

ಉಮಿ ಹಾಕಿದ ಗೆರಟೆಯಲ್ಲಿ ನೀರು ಅಡಿಯಲ್ಲಿ ಹಾಗೇ ನಿಂತಿತ್ತು. ಭತ್ತದ ಉಮಿಯಲ್ಲಿ ಸಿಲಿಕಾ ಜಾಸ್ತಿ, ಅದು ನೀರು ಹೀರುವುದು ಕಡಿಮೆ. ಬ್ರಾಯ್ಲರ್ ಕೋಳಿ ಫಾರ್ಮಿನವರು ಅದನ್ನೇ ಹಾಸುತ್ತಾರೆ, ಮಿಲ್ಲಿನಲ್ಲಿ ಸುಲಭವಾಗಿ ಸಿಗುತ್ತದೆ, ಎಲ್ಲ ಸರಿ. ಆದರೆ ತುದಿ ಚೂಪು. ನೆಲಕ್ಕೆ ಮೂಗು ತಾಗಿಸಿಕೊಂಡು ಓಡಾಡುವ ಪ್ರಾಣಿಯ ಕಣ್ಣಿಗೆ ಹೋದರೆ ಕಷ್ಟ. ತೆಂಗಿನ ನಾರಿನ ಹುಡಿ ನೀರನ್ನೆಲ್ಲ ಕುಡಿದಿತ್ತು, ಗೆರಟೆ ಮಗುಚಿದರೂ ಒಂದು ಹನಿ ಬೀಳಲಿಲ್ಲ! ನಾವು ಅದೇ ಒಳ್ಳೆಯದೆಂದು ತೀರ್ಮಾನಿಸುವವರಿದ್ದೆವು. ಆದರೆ ವಿಜ್ಞಾನ ಟೀಚರ್ ಬಂದು, "ಕುಡಿದ ನೀರನ್ನು ಅದು ಯಾವಾಗ ಬಿಡುತ್ತದೆ?" ಎಂದು ಕೇಳಿದರು. ಮೂರು ದಿನ ಕಳೆದರೂ ಅದು ಒದ್ದೆಯಾಗಿಯೇ ಇತ್ತು. ಒದ್ದೆ ಹಾಸಿಗೆಯಲ್ಲಿ ಬೂಸ್ಟು ಬರುತ್ತದೆ. ಒಣಗಿದ್ದು ಹಾಕಿದರೆ ಧೂಳು ಹಾರುತ್ತದೆ. ಎರಡೂ ಮೂಗಿಗೆ ಕೆಟ್ಟದು.

ಮರದ ಮಿಲ್ಲಿನ ನುಣ್ಣಗಿನ ಹುಡಿಯದೂ ಧೂಳಿನದೇ ತಕರಾರು. ಆದರೆ ಆಚಾರಿಯವರು ಕೀಸುಳಿ ಹಾಕುವಾಗ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ, ಆ ಸಿಪ್ಪೆ ಬೇರೆ. ನಾಲ್ಕನೇ ಗೆರಟೆಯಲ್ಲಿ ಇದ್ದದ್ದು ಅದೇ. ನೀರು ಹೀರಿಕೊಂಡಿತ್ತು, ಮೇಲಿನ ಪದರ ಕೈಗೆ ಒಣಗಿದ ಹಾಗೇ ತಾಗಿತು. ನನ್ನ ಮತ ಇದಕ್ಕೇ. ಬಂಟ್ವಾಳ, ಮೂಡುಬಿದಿರೆ ಯಾವ ಕಡೆಗೆ ಹೋದರೂ ಬಾಗಿಲು ಕಿಟಕಿ ಮಾಡುವ ಶೆಡ್ಡುಗಳು ಸಿಗುತ್ತವೆ, ಗೋಣಿಚೀಲ ತೆಗೆದುಕೊಂಡು ಹೋದರೆ ತುಂಬಿಸಿ ಕೊಡುತ್ತಾರೆ. ಆದರೆ ಯಾವ ಮರದ್ದು ಎಂದು ಕೇಳಿಯೇ ತರಬೇಕು. ಹಲಸು, ಮಾವು ಆಗಬಹುದು. ಸಾಗುವಾನಿಯ ಹುಡಿ ಕೆಲವು ಮರಗೆಲಸದವರಿಗೇ ತುರಿಕೆ ಬರಿಸುತ್ತದೆ, ಅದು ಬೇಡ. ರಬ್ಬರ್ ಮರವನ್ನು ಹುಳ ಹಿಡಿಯದಂತೆ ಮದ್ದಿನಲ್ಲಿ ಅದ್ದಿರುತ್ತಾರೆ, ಅದೂ ಬೇಡ. ಪ್ಲೈವುಡ್ಡಿನಲ್ಲಿ ಅಂಟು ಇರುತ್ತದೆ. ಹಳೆ ಬಾಗಿಲು ಹೆರೆದದ್ದಾದರೆ ಪೈಂಟು, ವಾರ್ನಿಷ್ ಸೇರಿರುತ್ತದೆ. ಪರಿಮಳ ಜೋರಾಗಿರುವ ಪೈನ್, ದೇವದಾರು ಜಾತಿಯ ಹಸಿ ಮರವೂ ಆಗುವುದಿಲ್ಲ. ನಮಗೆ ಪರಿಮಳ, ಅದಕ್ಕೆ ಉಸಿರಿನ ತೊಂದರೆ.

ಸಿಪ್ಪೆ ಎರಡರಿಂದ ಮೂರು ಇಂಚು ಇರಲಿ. ಅದರ ಮೇಲೆ, ಒಂದು ಬದಿಯಲ್ಲಿ, ಒಣ ಹುಲ್ಲು ಬೇಕೇ ಬೇಕು. ಹಾಸಲಿಕ್ಕೆ ಮಾತ್ರವಲ್ಲ, ತಿನ್ನಲಿಕ್ಕೆ. ಗಿನಿಪಿಗ್‌ನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದು ಜಗಿದು ಸವೆಯಬೇಕು. ಇದನ್ನು ನೆನಪಿಟ್ಟುಕೊಂಡರೆ ಹಾಸಿಗೆಯ ಅರ್ಧ ಪ್ರಶ್ನೆ ಬಗೆಹರಿಯಿತು: ನಾವು ಹಾಸಿದ್ದನ್ನು ಅದು ತಿಂದು ನೋಡಿಯೇ ನೋಡುತ್ತದೆ. (ತನ್ನದೇ ಮೆತ್ತನೆಯ ಹಿಕ್ಕೆಯನ್ನೂ ತಿನ್ನುತ್ತದೆ. ಅದನ್ನು ನೋಡಿ ಎಂಟನೇ ತರಗತಿಯ ಮಕ್ಕಳು ಬೊಬ್ಬೆ ಹಾಕುವುದು ಬೇಡ. ಅದರಿಂದ ಬಿ ವಿಟಮಿನ್ ಸಿಗುತ್ತದೆ, ಅದು ರೋಗವಲ್ಲ.)

ಬೈಹುಲ್ಲಿನಲ್ಲಿಯೂ ನೋಡಿ ಆರಿಸಬೇಕು. ಏಣೆಲು ಬೆಳೆ ಕೊಯ್ಯುವಾಗ ಕೆಲವು ವರ್ಷ ಮಳೆ ಬಿಟ್ಟಿರುವುದಿಲ್ಲ, ಹುಲ್ಲು ಸರಿಯಾಗಿ ಒಣಗದೆ ಕಪ್ಪಾಗುತ್ತದೆ. ಸುಗ್ಗಿ ಬೆಳೆಯ ಹುಲ್ಲು ಬಿಸಿಲಿನಲ್ಲಿ ಒಣಗಿ ಬಂಗಾರದ ಬಣ್ಣಕ್ಕೆ ಬಂದಿರುತ್ತದೆ. ಈಗ ಗದ್ದೆಗಳೆಲ್ಲ ಅಡಿಕೆ ತೋಟವಾಗಿ, ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವುದೇ ಹೆಚ್ಚು. ಎಲ್ಲಿಯದೇ ಆಗಲಿ, ಮೂಗಿಗೆ ಹಿಡಿದು ನೋಡಿ. ಬೂಸ್ಟಿನ ವಾಸನೆ ಬಂದರೆ ಬೇಡ. ಮುಳಿಹುಲ್ಲನ್ನಂತೂ ಹಾಕಲೇಬಾರದು, ಅದು ಮಾಡಿಗೆ ಸರಿ, ಕಣ್ಣಿಗೆ ಸೂಜಿ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಒಂದುಂಟು, ಅದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕೆಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇನೆ. ನಮ್ಮ ಮೂರೂ ತಾಲೂಕುಗಳಲ್ಲಿ ಮಳೆಗಾಲದ ಆರಂಭದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಬಿಡುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆಗೆ ಬಿಟ್ಟದ್ದು ಕೆಳಗಿನ ಹುಲ್ಲಿನ ಮೇಲೂ ನೀಲಿಯಾಗಿ ಬೀಳುತ್ತದೆ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್, ಹೊಟ್ಟೆಗೆ ಹೋದರೆ ವಿಷ. ತೋಟದ ಹುಲ್ಲನ್ನು ಹಾಗೇ ಹೆರೆದು ತಂದು ಗೂಡಿಗೆ ಹಾಕುವವರು ನಮ್ಮಲ್ಲಿದ್ದಾರೆ. ಹುಲ್ಲು ಸಾಯುವ ಮದ್ದು ಹೊಡೆದ ಜಾಗದ್ದೂ ಹಾಗೆಯೇ. ಶಾಲೆಯ ಮೈದಾನದ ಅಂಚಿನಲ್ಲಿ ಬೇಕಾದಷ್ಟು ಹುಲ್ಲುಂಟು, ಅದೇ ಸಾಕು.

ಇನ್ನು ಸ್ವಚ್ಛತೆಯ ಕ್ರಮ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗೋಡೆಯೇ ಬೆವರುವ ಈ ಆಟಿ ತಿಂಗಳಲ್ಲಿ ಬೇಸಿಗೆಯ ಲೆಕ್ಕ ನಡೆಯುವುದಿಲ್ಲ. ದಿನಾ ಬೆಳಿಗ್ಗೆ ಒದ್ದೆಯಾದ ಭಾಗವನ್ನು ತೆಗೆದು ಅಷ್ಟೇ ಒಣ ಸಿಪ್ಪೆ ಹಾಕಬೇಕು. ಅವು ಮೂತ್ರ ಮಾಡುವುದು ಹೆಚ್ಚಾಗಿ ಒಂದೆರಡು ಮೂಲೆಯಲ್ಲೇ, ಆದ್ದರಿಂದ ಹತ್ತು ನಿಮಿಷದ ಕೆಲಸ. ಪೂರ್ತಿ ಬದಲಾಯಿಸುವುದು ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ. ತಿಂದು ಬಿಟ್ಟ ಸೊಪ್ಪನ್ನು ಸಂಜೆ ಬಿಡಬಾರದು, ಅದಕ್ಕೆ ಕಾಡಿಲಿ, ಹೆಗ್ಗಣ ಬರುತ್ತವೆ. ಅವುಗಳ ಮೂತ್ರದಿಂದಲೇ ಇಲಿಜ್ವರ ಹರಡುವುದು, ಅದು ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಹೊಸತೇನಲ್ಲ. ಗೂಡು ಮುಟ್ಟಿದವರು ಸಾಬೂನು ಹಾಕಿ ಕೈ ತೊಳೆಯದೆ ಬಿಸಿಯೂಟದ ಬಟ್ಟಲು ಮುಟ್ಟಬಾರದು.

ಹಲಗೆ ಮತ್ತೆ ಕುಂಬಾಗುವುದಿಲ್ಲವೇ ಎಂದು ಅಣ್ಣಂದಿರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ನನ್ನ ಸಲಹೆ ಇಷ್ಟು. ಹಲಗೆಯ ಮೇಲೆ ಮೊದಲು ಅಡಿಕೆ ಹಾಳೆಗಳನ್ನು ಬಿಡಿಸಿ ಹಾಸುವುದು. ಹಾಳೆ ಬೇಗ ನೀರು ಬಿಡುವುದಿಲ್ಲ. ನಮ್ಮ ಹಿರಿಯರು ಅದರಿಂದ ಟೊಪ್ಪಿ ಮಾಡಿಕೊಂಡಿದ್ದಾರೆ, ಎಳೆ ಮಕ್ಕಳನ್ನು ಅದರಲ್ಲಿ ಮಲಗಿಸಿ ಮೀಯಿಸಿದ್ದಾರೆ. ಅದರ ಮೇಲೆ ನಾಲ್ಕು ಪದರ ಹಳೆ ಪೇಪರ್, ಹೊಳೆಯುವ ಬಣ್ಣದ ಪುರವಣಿ ಬೇಡ, ಅದು ನೀರು ಹೀರುವುದಿಲ್ಲ. ಅದರ ಮೇಲೆ ಸಿಪ್ಪೆ. ಬದಲಾಯಿಸುವ ದಿನ ಹಾಳೆಯ ಎರಡು ತುದಿ ಹಿಡಿದು ಎತ್ತಿದರೆ ಎಲ್ಲ ಒಟ್ಟಿಗೆ ಬರುತ್ತದೆ. ಹಾಳೆ ನಮ್ಮ ಮಕ್ಕಳ ಮನೆಗಳಲ್ಲಿ ಬೇಕಾದಷ್ಟು ಬಿದ್ದಿರುತ್ತದೆ, ಆದರೆ ಮದ್ದು ಬಿಡುವ ಮೊದಲು ಬಿದ್ದದ್ದನ್ನು ಒಣಗಿಸಿಟ್ಟು ತರಬೇಕು. ಬಿಳಿ ಕಲೆಗೆ ನಿಂಬೆಹುಳಿ ಅಥವಾ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಹೋಗುತ್ತದೆ. ಫಿನಾಯಿಲ್ ಹಾಕುವ ಅಭ್ಯಾಸ ಮಾತ್ರ ನಿಲ್ಲಲಿ. ಅದರ ವಾಸನೆ ನಮಗೆ ಸ್ವಚ್ಛತೆಯ ಲಕ್ಷಣ, ಒಳಗಿರುವವಕ್ಕೆ ಶಿಕ್ಷೆ. ಬ್ಲೀಚಿಂಗ್ ಪೌಡರನ್ನು ಹುಳಿಯೊಂದಿಗೆ ಸೇರಿಸಿದರೆ ವಿಷಾನಿಲ ಬರುತ್ತದೆ, ಆ ಪ್ರಯೋಗ ಯಾರೂ ಮಾಡಬೇಡಿ.

ಗೂಡಿನ ಅಳತೆಯನ್ನೂ ಹೇಳಿಬಿಡುತ್ತೇನೆ. ಎರಡಕ್ಕೆ ಕಡಿಮೆಯೆಂದರೆ ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ. ಬಲೆ ಬೇಕಾದದ್ದು ಬದಿಗೆ, ಬೆಕ್ಕು, ಮುಂಗುಸಿ, ಹಾವು ಬಾರದ ಹಾಗೆ. ಮೇಲೆ ತಗಡು ಬೇಡ, ಮಂಗಳೂರು ಹಂಚು ಇರಲಿ. ಓಡಾಡಲಿಕ್ಕೆ ಜಾಗವಿಲ್ಲದ ಗೂಡಿನಲ್ಲಿ ಪ್ರಾಣಿಯನ್ನು ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನು ಶಾಲಾಭಿವೃದ್ಧಿ ಸಮಿತಿಯ ಹಿರಿಯರ ಗಮನಕ್ಕೆ ವಿನಯದಿಂದ ತರುತ್ತೇನೆ.

ಈಗ ಯಾರೂ ಬರೆಯದ ಒಂದು ವಿಷಯ. ಅಣ್ಣಂದಿರ ಲೇಖನದಲ್ಲಿ "ಗುಡಿಸುವ ಕಷ್ಟ" ಎಂಬ ಮಾತು ಐದು ಕಡೆ ಬಂದಿದೆ, ನಾನು ಎಣಿಸಿದ್ದೇನೆ. ಆ ಕಷ್ಟ ಇಷ್ಟು ದಿನ ಪಟ್ಟವರು ಯಾರು? ಹುಲ್ಲು ಹಾಕುವುದು, ಎತ್ತಿಕೊಂಡು ಮುದ್ದು ಮಾಡುವುದು, ಬೇರೆ ಶಾಲೆಯವರು ಬಂದಾಗ ತೋರಿಸುವುದು ಎಲ್ಲ ಹುಡುಗರ ಕೆಲಸ. ಹಿಡಿಸೂಡಿ ಹಿಡಿಯುವುದು ಮಾತ್ರ ನಾವು ಹುಡುಗಿಯರು. ಯಾರೂ ಹಾಗೆಂದು ನಿಯಮ ಮಾಡಿದ್ದಲ್ಲ, ಹೇಗೋ ಹಾಗೆ ಆಗಿಹೋಗಿದೆ. ಮನೆಯಲ್ಲಿಯೂ ಹಟ್ಟಿ ಕೆಲಸ ಅಮ್ಮನದು, ಹಾಲು ಸೊಸೈಟಿಯ ದುಡ್ಡು ಅಪ್ಪನದು, ಅದನ್ನು ನೋಡಿ ಕಲಿತದ್ದಿರಬೇಕು. ಹುಲ್ಲು ಹಾಕಿದವನಿಗೆ ಪ್ರಾಣಿ ಹೇಗಿದೆ ಎಂದು ಗೊತ್ತಾಗುವುದಿಲ್ಲ. ಗೂಡು ಗುಡಿಸಿದವರಿಗೆ ಗೊತ್ತಾಗುತ್ತದೆ. ಹಿಕ್ಕೆ ಸಣ್ಣದಾಗಿದೆಯೇ, ಮೆತ್ತಗಾಗಿದೆಯೇ, ಮೂತ್ರದಲ್ಲಿ ರಕ್ತದ ಬಣ್ಣ ಉಂಟೇ, ನಿನ್ನೆಯ ಹುಲ್ಲು ಹಾಗೇ ಉಳಿದಿದೆಯೇ ಎಂದು ನೋಡುವವರು ಅವರೇ. ಹಿಕ್ಕೆ ಹಾಕುವುದು ನಿಂತರೆ ಆ ದಿನವೇ ಪಶು ಆಸ್ಪತ್ರೆಗೆ ಒಯ್ಯಬೇಕು, ಒಂದು ದಿನ ಕಾದರೂ ಸಾಯಬಹುದು. ಇದನ್ನು ಅರ್ಧ ತರಗತಿ ಮಾತ್ರ ಕಲಿತರೆ ಸಾಕೇ?

ಚಿಕ್ಕಂದಿನಲ್ಲಿ ನಮಗೆಲ್ಲ ಗಂಟಲಮಾರಿಯ ಚುಚ್ಚುಮದ್ದು ಕೊಟ್ಟಿದ್ದಾರೆ. ಆ ರೋಗದ ವಿರುದ್ಧ ಸೀರಮ್ ಕಂಡುಹಿಡಿದು 1901ರಲ್ಲಿ ವೈದ್ಯಕೀಯದ ಮೊದಲ ನೊಬೆಲ್ ಬಹುಮಾನ ಪಡೆದ ಎಮಿಲ್ ವಾನ್ ಬೆರಿಂಗ್ ತನ್ನ ಪ್ರಯೋಗಗಳನ್ನು ಮಾಡಿದ್ದು ಗಿನಿಪಿಗ್‌ಗಳ ಮೇಲೆ. ಆ ಋಣಕ್ಕೆ ದಿನಕ್ಕೆ ಹತ್ತು ನಿಮಿಷ ಹೆಚ್ಚಾಯಿತೇ?

ಕೊನೆಗೆ ರಜೆಯ ವಿಷಯ. ಭಾನುವಾರ, ದಸರಾ ರಜೆ ಮೊದಲೇ ಗೊತ್ತಿರುತ್ತದೆ. ಜಿಲ್ಲಾಧಿಕಾರಿಗಳು ಜೋರು ಮಳೆಗೆ ರಜೆ ಸಾರುವುದು ಹಿಂದಿನ ರಾತ್ರಿ, ಕೆಲವೊಮ್ಮೆ ಬೆಳಿಗ್ಗೆ. ನಮಗೆ ಖುಷಿಯೋ ಖುಷಿ. ಆ ದಿನವೇ ಗೂಡಿನೊಳಗೆ ಸೀರಣಿ ಹೊಡೆದು ಹಾಸಿಗೆ ಒದ್ದೆಯಾಗುವುದು. ಹೊಳೆ, ಸಂಕ ದಾಟಿ ಯಾರೂ ಬರುವುದು ಬೇಡ. ಶಾಲೆಯ ಹಿಂದಿನ ಪದವಿನಲ್ಲಿ ಮನೆ ಇರುವ ಆರು ಜನ ನಮ್ಮಲ್ಲಿದ್ದೇವೆ. ಮಳೆ ರಜೆಯ ದಿನಗಳನ್ನು ನಾವು ಆರು ಜನ ನೋಡಿಕೊಳ್ಳುತ್ತೇವೆ, ಮನೆಯವರ ಒಪ್ಪಿಗೆ ಕೇಳಿಯಾಗಿದೆ. ಉಳಿದ ದಿನಗಳಿಗೆ ಹಾಜರಿ ಪುಸ್ತಕದ ಕ್ರಮದಲ್ಲಿ, ಹುಡುಗರು ಹುಡುಗಿಯರು ಎಂಬ ಭೇದವಿಲ್ಲದೆ, ದಿನಕ್ಕೆ ಇಬ್ಬರು. ತೆಗೆದ ಹಾಸಿಗೆಯನ್ನು ಬಿಸಾಡದೆ ಬಸಳೆ ಚಪ್ಪರದ ಬುಡದ ಗುಂಡಿಗೆ ಹಾಕುವುದು. ಬಿಸಿಯೂಟದ ಅಕ್ಕನವರು ಗೊಬ್ಬರವಾದರೆ ಬೇಕೆಂದು ಈಗಲೇ ಹೇಳಿಟ್ಟಿದ್ದಾರೆ.

ಈ ಬರಹದ ಕೆಳಗೆ ಗೆರೆ ಎಳೆದ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ. ಆಗಸ್ಟ್ ತಿಂಗಳ ಪಾಳಿಗೆ ಹೆಸರು ಬರೆಯಲು ಜಾಗ ಬಿಟ್ಟಿದ್ದೇನೆ, ಪೆನ್ನು ದಾರದಲ್ಲಿ ಕಟ್ಟಿದೆ. ಬಲೆಯ ತಳವೇ ಸರಿ ಎನ್ನುವವರು ಮುಂದಿನ ಸಂಚಿಕೆಗೆ ಉತ್ತರ ಬರೆಯಬಹುದು, ಆದರೆ ಅಷ್ಟರೊಳಗೆ ಒಂದು ದಿನವಾದರೂ ಪಾಳಿ ಮಾಡಿರಬೇಕು. ಸಿಪ್ಪೆಯ ಮೊದಲ ಎರಡು ಗೋಣಿ ಶನಿವಾರ ಬರುತ್ತದೆ, ಹಲಸಿನ ಮರದ್ದು.

- ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ